ಅಂಕಿಗಳ ಹಿಂದಿನ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, ಪಾಸಾದ ಮಗು ಜಾಣ, ನಪಾಸಾದ ಮಗು ದಡ್ಡ ಎಂಬ ತೀರ್ಪು ಮನೆಮನೆಗಳಲ್ಲಿ ಹೊರಬೀಳುತ್ತದೆ. ಎಷ್ಟೋ ಹೆಣ್ಣುಮಕ್ಕಳ ಶಾಲೆ ಅಂದೇ ಮುಗಿದುಹೋಗುತ್ತದೆ. ಈ ತೀರ್ಪಿಗೆ ಆಧಾರವೇನೆಂದು ನಾವು ವಿಚಾರಿಸಬೇಡವೇ?

2024ರಲ್ಲಿ ಉಡುಪಿ ಜಿಲ್ಲೆ ಶೇ. 94ರ ಫಲಿತಾಂಶದೊಡನೆ ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಶೇ. 50.59ರೊಡನೆ ಕೊನೆಯಲ್ಲಿತ್ತು. ದೇವರು ಕರಾವಳಿಗೆ ಬುದ್ಧಿಯನ್ನು ಹೆಚ್ಚಾಗಿ ಹಂಚಿ ನಮ್ಮ ಬಯಲುಸೀಮೆಗೆ ಕಡಿಮೆ ಮಾಡಿದನೆಂದು ಯಾರೂ ಹೇಳಲಾರರು. 1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಲಕ್ಷಾಂತರ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ, ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಪರಿಸ್ಥಿತಿಗೇ ಕಲಿಕೆಯೊಡನೆ ಹೆಚ್ಚಿನ ಸಂಬಂಧವಿದೆಯೆಂದು ತೋರಿಸಿದರು. 2011ರ ಜನಗಣತಿಯಂತೆ ರಾಜ್ಯದ ಸ್ತ್ರೀ ಸಾಕ್ಷರತೆ ಶೇ. 68.08, ನಮ್ಮ ವಿಜಯಪುರ ಜಿಲ್ಲೆಯದು ಶೇ. 56.72. ಮಗುವಿನ ಪಕ್ಕದಲ್ಲಿ ಕುಳಿತು ಓದಿಸಬಲ್ಲ ತಾಯಿ ಎಷ್ಟೋ ಮನೆಗಳಲ್ಲಿ ಇರಲಿಲ್ಲ.

ಆದರೂ ಎಚ್ಚರ ಬೇಕು. ಜೊತೆಯಲ್ಲಿ ಕಾಣುವುದೆಲ್ಲ ಕಾರಣವಲ್ಲ. ಒಂದು ಶಾಲೆಯಲ್ಲಿ 60 ಮಕ್ಕಳಿದ್ದಾರೆಂದು ಭಾವಿಸೋಣ. ಟ್ಯೂಷನ್‌ಗೆ ಹೋಗುವ 20 ಮಕ್ಕಳಲ್ಲಿ 13, ಹೋಗದ 40ರಲ್ಲಿ 14 ಮಕ್ಕಳು ಪಾಸಾದರು. ಶೇ. 65 ಎಲ್ಲಿ, ಶೇ. 35 ಎಲ್ಲಿ! ಟ್ಯೂಷನ್ನಿನದೇ ಮಹಿಮೆ ಎನ್ನುತ್ತೇವೆ. ಈಗ ಹಾಜರಾತಿ ಪುಸ್ತಕ ತೆರೆಯೋಣ. ಟ್ಯೂಷನ್ನಿನವರಲ್ಲಿ ತಪ್ಪದೆ ಶಾಲೆಗೆ ಬಂದವರು 16, ಅವರಲ್ಲಿ 12 ಪಾಸು. ಉಳಿದ 4ರಲ್ಲಿ 1. ಟ್ಯೂಷನ್ ಇಲ್ಲದವರಲ್ಲಿ ತಪ್ಪದೆ ಬಂದವರು 8, ಅವರಲ್ಲಿ 6 ಪಾಸು. ಉಳಿದ 32ರಲ್ಲಿ 8. ಟ್ಯೂಷನ್ ಇರಲಿ, ಇಲ್ಲದಿರಲಿ, ತಪ್ಪದೆ ಬಂದವರ ಫಲಿತಾಂಶ ಶೇ. 75, ತಪ್ಪಿಸಿಕೊಂಡವರದು ಶೇ. 25. ಅಂತರ ಹುಟ್ಟಿದ್ದು ಹಾಜರಾತಿಯ ಬಳಿ.

ಪ್ರಶ್ನೆ ಇಲ್ಲಿಗೂ ನಿಲ್ಲದು. ಮಗು ಏಕೆ ಬರಲಿಲ್ಲ? ಸಿಂದಗಿ, ಇಂಡಿ ಭಾಗದ ಅನೇಕ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತವೆ. ಹಾಜರಾತಿ ಪುಸ್ತಕ 'ಗೈರು' ಎಂದಷ್ಟೇ ಹೇಳುತ್ತದೆ. ಗುಳೆಯೋ, ಜ್ವರವೋ, ತಮ್ಮನನ್ನು ನೋಡಿಕೊಳ್ಳುವ ಹೊಣೆಯೋ ಹೇಳದು.

ಆದ್ದರಿಂದ ಪ್ರತಿ ಕುಟುಂಬವೂ ಒಂದು ನೋಟುಪುಸ್ತಕವಿಡಲಿ: ಶಾಲೆ ತಪ್ಪಿದ ದಿನ ಒಂದೆಡೆ, ಕಾರಣ ಇನ್ನೊಂದೆಡೆ. ಮೂರು ತಿಂಗಳ ಬಳಿಕ ತಂದೆತಾಯಿಯರು, ಶಿಕ್ಷಕರು ಕೂಡಿ ಓದಲಿ. ಗುಳೆಯೇ ಕಾರಣವಾದರೆ ಮಗುವನ್ನು ವಸತಿನಿಲಯದಲ್ಲೋ ಬಂಧುಗಳ ಮನೆಯಲ್ಲೋ ಉಳಿಸುವ ದಾರಿ ಹುಡುಕಬಹುದು. ಟ್ಯೂಷನ್ ಹಣದಿಂದ ಅದು ಪರಿಹಾರವಾಗದು.

ಇನ್ನೊಂದು ಮಾತು. ಶೇಕಡಾವಾರು ಲೆಕ್ಕ ಗುಂಪಿನ ಸಂಗತಿ ಹೇಳುತ್ತದೆ, ಒಂದು ಮಗುವಿನ ಹಣೆಬರಹವನ್ನಲ್ಲ. ಶೇ. 25ರ ಗುಂಪಿನಿಂದಲೂ 9 ಮಕ್ಕಳು ಪಾಸಾದರಷ್ಟೇ? ಮಗಳನ್ನು ಶಾಲೆ ಬಿಡಿಸುವ ಮುನ್ನ ಆ ಒಂಬತ್ತನ್ನು ನೆನೆಯೋಣ.