ಒಂಟಿ ಕಾಂಜಿ ಬೇಡ, ಪದ ಹಿಡಿಯಿರಿ

ಜಪಾನೀ ಭಾಷೆ ಕಲಿಯಲು ಕೂತ ಕನ್ನಡಿಗರಿಗೆ ಮೊದಮೊದಲು ಕಷ್ಟವೆನಿಸುವುದಿಲ್ಲ. ಉಚ್ಚಾರವನ್ನೇ ಬರೆಯುವ ಹಿರಗಾನ ಲಿಪಿಯ ಮೂಲಾಕ್ಷರಗಳು 46. ಅವುಗಳ ಸಾಲೂ ಪರಿಚಿತ: ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಧರ್ಮದ ಜೊತೆ ಜಪಾನ್ ತಲುಪಿದ ಸಿದ್ಧಂ ಲಿಪಿಯ ವರ್ಣಮಾಲೆಯ ಪ್ರಭಾವ ಈ ಜೋಡಣೆಯ ಹಿಂದಿದೆ. ತೊಡಕು ಶುರುವಾಗುವುದು ಚೀನಾದಿಂದ ಬಂದ ಅಕ್ಷರಗಳಾದ ಕಾಂಜಿಯಲ್ಲಿ. ಬರೆದದ್ದನ್ನು ಹಾಗೇ ಓದುವ ಅಭ್ಯಾಸದ ನಮಗೆ, ನೋಡಿದರೂ ಉಚ್ಚಾರ ತಿಳಿಯದ ಅಕ್ಷರ ದಿಗಿಲು ಹುಟ್ಟಿಸುತ್ತದೆ. ನಿತ್ಯಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಸರ್ಕಾರಿ ಪಟ್ಟಿಯಲ್ಲಿ ಅಂಥವು 2,136 ಇವೆ.

ಒಂದೊಂದನ್ನೂ ಪುಟಗಟ್ಟಲೆ ತಿದ್ದಬೇಕು, ಜಪಾನಿನ ಮಕ್ಕಳು ಹಾಗೆಯೇ ಕಲಿಯುತ್ತಾರೆ ಎಂಬ ಸಲಹೆ ಸಾಮಾನ್ಯ. ಮಕ್ಕಳು ಒಂದನೇ ತರಗತಿಯಲ್ಲಿ 80, ಆರು ವರ್ಷಗಳಲ್ಲಿ 1,026 ಕಾಂಜಿ ಕಲಿಯುವುದು ನಿಜ. ಆದರೆ ಆ ಮಗುವಿನ ಬಾಯಲ್ಲಿ ಪದ ಆಗಲೇ ಇರುತ್ತದೆ, ಹೊಸದಾಗಿ ಬರುವುದು ಅದರ ರೂಪ ಮಾತ್ರ. ನಮಗೆ ಪದವೂ ಹೊಸದು, ರೂಪವೂ ಹೊಸದು. ಪದವಿಲ್ಲದೆ ತಿದ್ದಿದ ಅಕ್ಷರ ವಾರದಲ್ಲಿ ಮರೆತುಹೋಗುತ್ತದೆ.

ನೀರಿನ ಕಾಂಜಿಯನ್ನೇ ನೋಡಿ. ಒಂಟಿಯಾಗಿದ್ದರೆ ‘ಮಿಜು’. ನಲ್ಲಿ ನೀರಿನ ವ್ಯವಸ್ಥೆಗೆ ಹೇಳುವ ‘ಸುಯಿದೋ’, ಬುಧವಾರದ ‘ಸುಯಿಯೋಬಿ’ಗಳಲ್ಲಿ ಅದೇ ಅಕ್ಷರ ‘ಸುಯಿ’ ಆಗುತ್ತದೆ. ನಾವು ‘ನೀರು’ ಎಂದು ಕುಡಿದು, ಕೂಡುಪದದಲ್ಲಿ ‘ಜಲಾಶಯ’ ಎನ್ನುವ ಹಾಗೆ: ಒಂದು ದೇಶೀ ಓದು, ಇನ್ನೊಂದು ಚೀನಾದಿಂದ ಬಂದ ಓದು. ಈ ಓದುಗಳ ಪಟ್ಟಿಯನ್ನು ಮಗ್ಗಿಯಂತೆ ಉರುಹೊಡೆಯುವುದು ವ್ಯರ್ಥ. ಮೂರು ಪದ ಕಲಿತರೆ ಎರಡೂ ಓದು ತಾವಾಗಿ ಕೂರುತ್ತವೆ.

ಎರಡನೆಯದು, ಅಕ್ಷರವನ್ನು ಬಿಡಿಸಿ ನೋಡುವ ಅಭ್ಯಾಸ. ಹೆಚ್ಚಿನ ಕಾಂಜಿಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಟ್ಟರೆ ಇನ್ನೊಂದು ಉಚ್ಚಾರದ ಸುಳಿವು ಕೊಡುತ್ತದೆ. ನೀಲಿ ಬಣ್ಣದ ಕಾಂಜಿಯ ಚೀನೀ ಮೂಲದ ಓದು ‘ಸೇ’. ಅದರ ಎಡಕ್ಕೆ ನೀರಿನ ಚಿಹ್ನೆ ಸೇರಿದರೆ ಶುದ್ಧ, ಸೂರ್ಯ ಸೇರಿದರೆ ತಿಳಿಯಾದ ಆಕಾಶ, ಮಾತು ಸೇರಿದರೆ ಕೋರಿಕೆ, ಅಕ್ಕಿ ಸೇರಿದರೆ ಚೈತನ್ಯ. ನಾಲ್ಕಕ್ಕೂ ‘ಸೇ’ ಎಂಬ ಓದಿದೆ! ಹೃದಯದ ಚಿಹ್ನೆ ಸೇರಿ ಭಾವನೆಯಾದಾಗ ಮಾತ್ರ ಸಾಮಾನ್ಯವಾಗಿ ‘ಜೋ’. ಇಂಥ ಅಪವಾದಗಳಿದ್ದರೂ, ಒಮ್ಮೆ ಈ ಬಂಧುತ್ವ ಕಣ್ಣಿಗೆ ಬಿದ್ದವರಿಗೆ ಗುರುತಿಲ್ಲದ ಕಾಂಜಿಯನ್ನೂ ಊಹಿಸುವ ಧೈರ್ಯ ಬರುತ್ತದೆ. ಕಲಿಕೆಯಲ್ಲಿ ಇದಕ್ಕಿಂತ ಸಂತೋಷದ ಘಟ್ಟ ಇನ್ನೊಂದಿಲ್ಲ.

ಜೇಮ್ಸ್ ಹೈಸಿಗ್ 1977ರಲ್ಲಿ ಮುಂದಿಟ್ಟ ವಿಧಾನವೂ ಭಾಗಗಳನ್ನೇ ನಂಬುತ್ತದೆ. ಭಾಗಗಳಿಗೆ ಹೆಸರು ಕೊಟ್ಟು ಕಥೆ ಕಟ್ಟುವುದು, ಮೊದಲು ಅರ್ಥ ಮತ್ತು ಬರವಣಿಗೆ, ಆಮೇಲೆ ಉಚ್ಚಾರ. ಕಥೆಗಳು ನೆನಪಿಗೆ ಒಳ್ಳೆಯ ಆಸರೆ. ಆದರೆ ಉಚ್ಚಾರವನ್ನು ಅಷ್ಟು ದೂರ ತಳ್ಳುವುದನ್ನು ನಾನು ಒಪ್ಪಲಾರೆ. ಸಾವಿರಾರು ಅರ್ಥ ಗೊತ್ತಿದ್ದೂ ಒಂದು ಫಲಕವನ್ನು ಗಟ್ಟಿಯಾಗಿ ಓದಲಾಗದಿದ್ದರೆ ಉತ್ಸಾಹ ಉಳಿಯುವುದು ಕಷ್ಟ.

ಮರೆವಿಗೆ ಮದ್ದು, ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೋಡುವುದು. ನೆನಪು ಹೇಗೆ ಕರಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. 2006ರಲ್ಲಿ ಬಂದ ‘ಅಂಕಿ’ ಎಂಬ ನೆನಪಿನ ಕಾರ್ಡುಗಳ ತಂತ್ರಾಂಶ ಆ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಕಾರ್ಡಿನಲ್ಲಿ ಒಂಟಿ ಅಕ್ಷರದ ಬದಲು ಪದವಿರಲಿ, ಸಾಧ್ಯವಾದರೆ ಪುಟ್ಟ ವಾಕ್ಯವಿರಲಿ. ಹೊಸ ಕಾರ್ಡು ದಿನಕ್ಕೆ ಹತ್ತು ಸಾಕು. ಆಸೆಬಿದ್ದು ಐವತ್ತು ಸೇರಿಸಿದರೆ ಹಳೆಯವು ಬೆಟ್ಟವಾಗಿ ಬೆಳೆದು ಕಲಿಕೆಯೇ ನಿಲ್ಲುತ್ತದೆ.

ಹಾಗಾದರೆ ಬರೆಯುವುದೇ ಬೇಡವೇ? ಬೇಕು, ಮಿತವಾಗಿ. ‘ಕಾಯು’ ಮತ್ತು ‘ಹಿಡಿ’ ಎಂಬ ಕಾಂಜಿಗಳಿಗೆ ಬಲಭಾಗ ಒಂದೇ, ಎಡಭಾಗ ಮಾತ್ರ ಬೇರೆ. ನಾಲ್ಕು ಸಲ ಬರೆದರೆ ಆ ಗೊಂದಲ ಹೋಗುತ್ತದೆ. ಅದರಾಚೆಗೆ ಹಟ ಬೇಡ. ಖಿನ್ನತೆಯನ್ನು ಸೂಚಿಸುವ ‘ಉತ್ಸು’ಗೆ 29 ಗೆರೆಗಳು, ಓದುವ ಜಪಾನೀಯರಲ್ಲೇ ಎಷ್ಟೋ ಮಂದಿ ಅದನ್ನು ಕೈಯಲ್ಲಿ ಬರೆಯಲಾರರು.

ಇನ್ನು, ಪಠ್ಯ ಮುಗಿಯಲಿ ಎಂದು ಕಾಯದೆ ಓದಲು ಶುರುಮಾಡಿ. ‘ಯೋತ್ಸುಬಾತೊ’ದಂಥ ಮಾಂಗಾ ಚಿತ್ರಕಥೆಗಳಲ್ಲಿ ಕಾಂಜಿಯ ಪಕ್ಕ ಸಣ್ಣಕ್ಷರದಲ್ಲಿ ಉಚ್ಚಾರ ಅಚ್ಚಾಗಿರುತ್ತದೆ; ಅದೇ ಫುರಿಗಾನ. ಎರಡನೇ ಸಲ ಓದುವಾಗ ಅದನ್ನು ಬೆರಳಿನಿಂದ ಮುಚ್ಚಿ ನೋಡಿ. ಬೆಂಗಳೂರಿನಲ್ಲೂ ನಡೆಯುವ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಯಾವ ಹಂತದಲ್ಲೂ ಕಾಂಜಿಯನ್ನು ಕೈಯಲ್ಲಿ ಬರೆಸುವುದಿಲ್ಲ, ಸರಿಯುತ್ತರ ಆರಿಸಿದರೆ ಸಾಕು. ತಿದ್ದಲು ಎತ್ತಿಟ್ಟ ಸಮಯದಲ್ಲಿ ಅರ್ಧವನ್ನಾದರೂ ಈ ವಾರದಿಂದ ಓದಿಗೆ ಕೊಡಿ.