ದುಂಬಿಯ ಬಾಯಲ್ಲಿ ಬೂಸ್ಟು

ಮಳೆಗಾಲದಲ್ಲಿ ಚಪ್ಪಲಿಗೂ ಉಪ್ಪಿನಕಾಯಿ ಭರಣಿಗೂ ಬೂಸ್ಟು ಹಿಡಿಯುವುದನ್ನು ನೀವು ನೋಡಿದ್ದೀರಿ. ಒರೆಸಿದರೆ ಮುಗಿಯಿತು ಎನ್ನುವಿರಿ. ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಇಂಥದೇ ಒಂದು ಬೂಸ್ಟು, ಅಕ್ಕಿಕಾಳಿನಷ್ಟಿರುವ ದುಂಬಿಯ ಜೊತೆಗೂಡಿ ಕಾಡಿಗೆ ಕಾಡನ್ನೇ ಒಣಗಿಸಿತೆಂದರೆ ನಂಬುವಿರಾ?

ದುಂಬಿಯ ಹೆಸರು ಮೌಂಟನ್ ಪೈನ್ ಬೀಟಲ್. ಉದ್ದ ಸುಮಾರು 5 ಮಿಲಿಮೀಟರ್. ಬೇಸಗೆಯಲ್ಲಿ ಹೆಣ್ಣು ದುಂಬಿ ಪೈನ್ ಮರದ ತೊಗಟೆ ಕೊರೆಯುತ್ತದೆ. ಮರವೇನೂ ಸುಮ್ಮನಿರುವುದಿಲ್ಲ. ಹಲಸಿಗೆ ಕತ್ತಿ ತಾಗಿದರೆ ಮೇಣ ಸುರಿಯುವಂತೆ, ಕೊರೆದಲ್ಲಿಂದ ಅಂಟು ರಾಳ ಉಕ್ಕಿಸಿ ಅದನ್ನು ಹೊರದಬ್ಬುತ್ತದೆ. ಒಂದೆರಡು ದುಂಬಿಗಳಾದರೆ ಗೆಲ್ಲುವುದು ಮರವೇ. ಆದರೆ ಈ ಹೆಣ್ಣು ಬಲು ಜಾಣೆ! ಆ ರಾಳದ ಅಂಶವನ್ನೇ ವಾಸನೆಯಾಗಿ ಮಾರ್ಪಡಿಸಿ ಬಳಗವನ್ನೆಲ್ಲ ಕರೆಯುತ್ತದೆ. ನೂರಾರು ದುಂಬಿಗಳು ಒಮ್ಮೆಲೇ ಮುತ್ತಿದರೆ ಮರದ ರಾಳ ಸಾಲದಾಗುತ್ತದೆ.

ಇನ್ನು ಬೂಸ್ಟಿನ ಸರದಿ. ದುಂಬಿಯ ಬಾಯಿಯ ಭಾಗದಲ್ಲಿ ಅದರ ಕಣಗಳನ್ನು ಹೊರಲೆಂದೇ ಪುಟ್ಟ ಚೀಲಗಳಿವೆ. ತೊಗಟೆಯೊಳಗೆ ಬಿದ್ದ ಕಣಗಳು ಬೆಳೆದು, ಮರದೊಳಕ್ಕೆ ನುಗ್ಗಿ, ಬೇರಿನಿಂದ ನೀರು ಮೇಲೇರುವ ದಾರಿಯನ್ನೇ ಮುಚ್ಚುತ್ತವೆ. ಇತ್ತ ಮರಿಹುಳುಗಳು ತೊಗಟೆಯ ಒಳಪದರವನ್ನು ತಿಂದು, ಎಲೆಯಿಂದ ಆಹಾರ ಇಳಿಯುವ ದಾರಿಯನ್ನು ಕಡಿಯುತ್ತವೆ. ಬೂಸ್ಟೂ ಅವುಗಳಿಗೆ ಊಟ. ಬರೀ ತೊಗಟೆಯಲ್ಲಿ ಸಾಕಷ್ಟು ಸಿಗದ ಪೋಷಕಾಂಶ ಅದರಲ್ಲಿದೆ. ಇಷ್ಟಾದರೂ ಹೊರಗಿನಿಂದ ಮರ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಸೂಜಿಯೆಲೆಗಳು ಕೆಂಪಾಗುವುದು ಮರುವರ್ಷ. ಆಗ ಹೊಸ ತಲೆಮಾರಿನ ದುಂಬಿಗಳು ಬೇರೆ ಮರಕ್ಕೆ ಹಾರುತ್ತವೆ, ಬೂಸ್ಟನ್ನು ಹೊತ್ತುಕೊಂಡೇ.

ಈ ದುಂಬಿ ಎಲ್ಲಿಂದಲೋ ಬಂದುದಲ್ಲ, ಅಲ್ಲಿಯದೇ. ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದುದು ಚಳಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಕೆಲವು ದಿನ ನಿಂತರೆ ಮರಿಹುಳುಗಳು ಸಾಯುತ್ತವೆ. ಚಳಿಗಾಲ ಬೆಚ್ಚಗಾಯಿತು. ಕಾಳ್ಗಿಚ್ಚನ್ನು ದಶಕಗಳ ಕಾಲ ನಂದಿಸುತ್ತ ಬಂದುದರಿಂದ ದುಂಬಿಗೆ ಇಷ್ಟವಾದ ಹಳೆಯ ದಪ್ಪ ಮರಗಳೂ ಹೆಚ್ಚಾದವು. 1990ರ ದಶಕದಲ್ಲಿ ಶುರುವಾದ ಹಾವಳಿ ಸುಮಾರು 1.8 ಕೋಟಿ ಹೆಕ್ಟೇರಿಗೆ ಹಬ್ಬಿತು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣವೇ 1.9 ಕೋಟಿ ಹೆಕ್ಟೇರ್! ಆ ಪ್ರಾಂತ್ಯದಲ್ಲಿ ಮಾರಾಟಕ್ಕೆ ಯೋಗ್ಯವಾಗಿದ್ದ ಪೈನ್ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. 2006ರಲ್ಲಿ ದುಂಬಿಗಳ ದೊಡ್ಡ ದಂಡೊಂದು ರಾಕಿ ಪರ್ವತ ದಾಟಿ ನೆರೆಯ ಆಲ್ಬರ್ಟಾಕ್ಕೂ ಹೋಯಿತು.

ಮೊದಲು ಸತ್ತ ಮರಗಳನ್ನು ಕೊಯ್ಯುವ ಭರಾಟೆ. ಆಮೇಲೆ ಕೊಯ್ಯಲು ಮರ ಸಾಲದೆ ಹಲವು ಮರದ ಮಿಲ್ಲುಗಳು ಮುಚ್ಚಿದವು. ಆ ಕೂಲಿಯನ್ನೇ ನಂಬಿದ್ದ ಮನೆಗಳಲ್ಲಿ ಒಲೆ ಉರಿಯುವುದು ಹೇಗೆ?

ಬೂಸ್ಟು ಹಿಡಿದ ಹಲಗೆಯಲ್ಲಿ ನೀಲಿ ಬಣ್ಣ ಉಳಿಯುತ್ತದೆ. ನೋಡಿದವರು ಕೊಳೆತಿದೆ ಎಂದುಕೊಳ್ಳುತ್ತಾರೆ. ಆದರೆ ಬೇಗನೆ ಕೊಯ್ದ ಮರದ ಗಟ್ಟಿತನಕ್ಕೇನೂ ಕೊರತೆಯಿಲ್ಲ. 2010ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ರಿಚ್ಮಂಡ್ ನಗರದಲ್ಲಿ ಕಟ್ಟಿದ ಸ್ಕೇಟಿಂಗ್ ಕ್ರೀಡಾಂಗಣದ ಛಾವಣಿಗೆ ಬಳಸಿದ್ದು ದುಂಬಿ ಕೊಂದ ಇಂಥ ಮರಗಳನ್ನೇ.