ನಿಮಗಿದು ಗೊತ್ತೆ? ನರಸಾಪುರದ ಸ್ಕೂಟರಿಗೂ ಎಫ್1 ರೇಸಿಗೂ ನಂಟು

ಕೋಲಾರ–ಬೆಂಗಳೂರು ಹೆದ್ದಾರಿಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾದದ್ದು 2013ರಲ್ಲಿ. ಮಾಲೂರು, ಮುಳಬಾಗಿಲಿನ ಬೀದಿಗಳಲ್ಲೂ ಶ್ರೀನಿವಾಸಪುರದ ಮಾವಿನ ಮಂಡಿಯ ಮುಂದೆಯೂ ಸಾಲಾಗಿ ನಿಲ್ಲುವ ಆಕ್ಟಿವಾ ಇಲ್ಲಿಯೂ ತಯಾರಾಗುತ್ತದೆ.

ಇದೇ ಕಂಪನಿ 1959ರಲ್ಲಿ ಐಲ್ ಆಫ್ ಮ್ಯಾನ್ ಬೈಕ್ ರೇಸಿಗೆ ಇಳಿದು ಜಪಾನಿನಾಚೆ ಹೆಸರು ಮಾಡಲು ಹೊರಟಿತು. ರೇಸು ಎಂದರೆ ನೀರಿನಂತೆ ದುಡ್ಡು, ಪ್ರಾಯೋಜಕರಿಲ್ಲದೆ ನಡೆಯದು. ಸ್ಪೇನಿನ ತೈಲ ಕಂಪನಿ ರೆಪ್ಸಾಲ್ 1995ರಿಂದ 2024ರವರೆಗೆ ಹೋಂಡಾ ಗ್ರ್ಯಾನ್ ಪ್ರಿ ತಂಡದ ಬೈಕುಗಳ ಮೇಲೆ ತನ್ನ ಹೆಸರು ಬರೆಸಿಕೊಂಡಿತ್ತು. 2020ರಲ್ಲಿ ಹೋಂಡಾ 800ನೇ ಗ್ರ್ಯಾನ್ ಪ್ರಿ ಗೆದ್ದಾಗ, ಆ ನೆಪದಲ್ಲಿ ಆ ಬೈಕುಗಳದೇ ಕಿತ್ತಳೆ ಬಣ್ಣ ಬಳಿದ ಡಿಯೋ ಸ್ಕೂಟರ್ ನಮ್ಮ ಶೋರೂಮುಗಳಿಗೂ ಬಂತು. ಎಂಜಿನ್ ಮಾಮೂಲಿಯದೇ, ಬೆಲೆ ಮಾತ್ರ ತುಸು ಜಾಸ್ತಿ!

ಇನ್ನೊಂದು ಸ್ವಾರಸ್ಯ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಪಾಲುದಾರರ ಜತೆ ಸ್ಪೈಕರ್ ಎಫ್1 ತಂಡವನ್ನು 8.8 ಕೋಟಿ ಯೂರೋಗೆ ಕೊಂಡರು. 2008ರಲ್ಲಿ ಅದು ಫೋರ್ಸ್ ಇಂಡಿಯಾ ಹೆಸರಿನಲ್ಲಿ ಟ್ರ್ಯಾಕಿಗಿಳಿಯಿತು. ಮರುವರ್ಷ ಬೆಲ್ಜಿಯಂನಲ್ಲಿ ಎರಡನೇ ಸ್ಥಾನವೂ ದಕ್ಕಿತು. ಆದರೆ ಹಣದ ಮುಗ್ಗಟ್ಟು ಬಿಡಲಿಲ್ಲ. 2018ರಲ್ಲಿ ತಂಡ ಕೆನಡಾದ ಲಾರೆನ್ಸ್ ಸ್ಟ್ರೋಲ್ ಬಳಗದ ಪಾಲಾಯಿತು. 2021ರಿಂದ ಅದರ ಹೆಸರು ಆಸ್ಟನ್ ಮಾರ್ಟಿನ್. 2026ರಿಂದ ಆ ತಂಡಕ್ಕೆ ಎಂಜಿನ್ ಒದಗಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು ಬೇರೆ ಯಾರೂ ಅಲ್ಲ, ಹೋಂಡಾ.